ಹೊಳೆಯದ ರಕ್ತ

"ಇದೇ ಕೊನೆ ಕಣಮ್ಮ," ಎನ್ನುತ್ತ ಅಕ್ಕ ತೋಳಿಗೆ ಕಟ್ಟಿದ್ದ ರಬ್ಬರ್ ಪಟ್ಟಿಯನ್ನು ಒಂದೇ ಕೈಯಲ್ಲಿ ಬಿಚ್ಚಿಕೊಂಡಳು. "ಮುಂದಿನ ವಾರದಿಂದ ಬೇರೆ ಯಾರನ್ನಾದ್ರೂ ಹಿಡ್ಕೋ."

ಸಣ್ಣ ಮೇಡಂ ಸೂಜಿಯನ್ನು ಹೊರಗೆಳೆದು ಆ ಜಾಗದಲ್ಲಿ ಹತ್ತಿ ಒತ್ತಿ ಹಿಡಿದಳು. ಕೊಳವೆಯೊಳಗೆ ಎರಡು ಚಮಚದಷ್ಟು ರಕ್ತ ಕಪ್ಪಗೆ ಕಾಣುತ್ತಿತ್ತು.

"ಯಾಕಕ್ಕಾ, ನೋವಾಯ್ತಾ?"

"ನಿನ್ನ ಕೈಲಿ ಯಾವತ್ತು ನೋವಾಗಿದೆ. ಅದಲ್ಲ. ಈ ತಿಂಗಳ ಕೊನೆಗೆ ಕೆಲಸ ಬಿಡ್ತಿದೀನಿ."

ಹೆಚ್ಚಿಗೆ ಕೇಳಿಸಿಕೊಳ್ಳಲು ನಿಲ್ಲದೆ ಅವಳು ಮೊಣಕೈ ಮಡಚಿ ಹತ್ತಿಯನ್ನು ಅದುಮಿಕೊಂಡು ಮೆಟ್ಟಿಲಿಳಿದು ಹೋದಳು. ಕೆಳಗೆ ತೊಳೆಯುವ ಕೋಣೆಯಲ್ಲಿ ಬಾಟಲಿಗಳನ್ನು ಹಬೆಯಲ್ಲಿ ಬೇಯಿಸುವ ಆಟೊಕ್ಲೇವ್ ಬಾಗಿಲು ತೆಗೆಯಿರೆಂದು ಕೂಗುತ್ತಿತ್ತು.

ಆ ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ನಿವೃತ್ತಿಯ ಅಂಚಿನಲ್ಲಿದ್ದ ಗೇಟಿನ ಕಾವಲುಗಾರ ಕೂಡ. ಹದಿನಾಲ್ಕು ವರ್ಷಗಳಿಂದ ಅಲ್ಲಿನ ಗಾಜಿನ ಸಾಮಾನೆಲ್ಲ ಅವಳ ಕೈಯಲ್ಲಿ ಬೆಳಗಿಯೇ ಮೇಲಿನ ಮಹಡಿಗೆ ಹೋಗಬೇಕು. ಸಂಶೋಧಕರು ಬೇಡವೆಂದು ಕಳಿಸಿದ ಬಾಟಲಿಗಳಿಗೆ ಬ್ಲೀಚ್ ಸುರಿಯುವುದು, ಬಿಸಿ ಹಬೆಯಲ್ಲಿ ಬೇಯಿಸುವುದು, ಉಜ್ಜುವುದು, ಒಣಗಿಸುವುದು ಅವಳ ಕೆಲಸ. ಹೆಸರಿಡುವುದರಲ್ಲಿ ಅವಳದೇ ಒಂದು ಲೆಕ್ಕ. ಪ್ರಯೋಗಾಲಯದ ಮುಖ್ಯಸ್ಥೆ ದೊಡ್ಡ ಮೇಡಂ. ನಾಲ್ಕು ವರ್ಷದ ಹಿಂದೆ ಪಿಎಚ್.ಡಿ. ಮಾಡಲು ಬಂದ ಹುಡುಗಿ ಸಣ್ಣ ಮೇಡಂ. ಮೊದಲನೆಯವರಿಗೆ 'ನೀವು', ಎರಡನೆಯವಳಿಗೆ 'ನೀನು'. ಬಂದ ಹೊಸದರಲ್ಲಿ ಆ ಹುಡುಗಿಯೇ ಹಟ ಹಿಡಿದು 'ನೀನು' ಅನ್ನಿಸಿಕೊಂಡಿದ್ದಳು.

ಗುರುವಾರ ಬೆಳಿಗ್ಗೆ ರಕ್ತ ಬೇಕು ಎಂದರೆ ಸಾಕು, ಮಹಡಿಯವರೆಲ್ಲ ಏನೋ ಒಂದು ನೆಪ ಹೇಳಿ ಮಾಯವಾಗುತ್ತಿದ್ದರು. ಸಣ್ಣ ಮೇಡಂ ಬೇರೆಯವರ ನರವನ್ನು ಕಣ್ಣು ಮುಚ್ಚಿ ಹುಡುಕಬಲ್ಲಳು. ಆದರೆ ಸೂಜಿಯ ಮೊನೆ ತನ್ನ ಕಡೆ ತಿರುಗಿತೋ, ಅಲ್ಲೇ ಬವಳಿ ಬಂದು ಬೀಳುತ್ತಿದ್ದಳು. ಎರಡು ಸಲ ಬಿದ್ದಿದ್ದಳು. ಎರಡನೆಯ ಸಲ ಮುಖಕ್ಕೆ ನೀರು ಚಿಮುಕಿಸಿದ ಅಕ್ಕ, "ನಿನ್ನ ರಕ್ತ ನಿನ್ನತ್ರಾನೇ ಇರ್ಲಿ, ನಂದು ತಗೋ," ಎಂದು ತೋಳು ಚಾಚಿದ್ದಳು. ಅಲ್ಲಿಂದ ಪ್ರತಿ ಗುರುವಾರವೂ ಅದೇ ತೋಳು.

"ನಮ್ಮ ರಕ್ತದ ಬಿಳಿ ಕಣಗಳ ಮೈಮೇಲೆ ಸಾವಿರಾರು ಅಣುಗಳು ಚಾಚ್ಕೊಂಡಿರ್ತವೆ ಅಕ್ಕಾ," ಎಂದು ಹುಡುಗಿ ಒಮ್ಮೆ ವಿವರಿಸಿದ್ದಳು. "ಒಂದೊಂದಕ್ಕೂ ಒಂದೊಂದು ಕೆಲಸ. ಅದರಲ್ಲಿ ಒಂದೇ ಒಂದನ್ನ ಗುರುತು ಹಿಡಿದು ಅಂಟ್ಕೊಳ್ಳೋ ಪ್ರತಿಕಾಯ ನಾನು ಮಾಡ್ಬೇಕು. ಅದಕ್ಕೆ ಹೊಳೆಯೋ ಬಣ್ಣ ಹಚ್ಚಿದ್ರೆ, ಅಣು ಇರೋ ಕಣ ಎಲ್ಲಾ ಹೊಳೀತವೆ."

"ಅಂದ್ರೆ ಗುಂಪಲ್ಲಿ ನಮ್ಮೋರು ಯಾರು ಅಂತ ಗುರುತು ಹಚ್ಚೋದು."

"ಅಷ್ಟೇ. ಅದನ್ನೇ ಮುನ್ನೂರು ಪುಟ ಬರೀಬೇಕು."

ಆ ಕೆಲಸಕ್ಕೆ ಅವಳು ಇಲಿಗೆ ಮನುಷ್ಯರ ಬಿಳಿ ಕಣಗಳನ್ನು ಚುಚ್ಚಿ, ಅದರ ಗುಲ್ಮದಲ್ಲಿ ಪ್ರತಿಕಾಯ ತಯಾರಿಸುವ ಕೋಶಗಳನ್ನು ಸಾವಿಲ್ಲದ ಕ್ಯಾನ್ಸರ್ ಕೋಶಗಳೊಂದಿಗೆ ಬೆಸೆದಿದ್ದಳು. ತೊಂಬತ್ತಾರು ಗುಳಿಗಳ ಹತ್ತು ತಟ್ಟೆಗಳಲ್ಲಿ ಬಿತ್ತಿದ್ದರಲ್ಲಿ ಬದುಕಿದ್ದು ಕೆಲವು, ಕೆಲಸಕ್ಕೆ ಬಂದದ್ದು ಒಂದು. ಬಿ ಸಾಲಿನ ಒಂಬತ್ತನೆಯ ಗುಳಿಯಲ್ಲಿ ಬೆಳೆದ ಆ ಕೋಶಕ್ಕೆ ಬಿ-ಒಂಬತ್ತು ಎಂದೇ ಹೆಸರಾಯಿತು. ರಕ್ತನಿಧಿಯಿಂದ ತಂದ ಕಣಗಳ ಮೇಲೆ ಮೊದಲ ಸಲ ಪರೀಕ್ಷಿಸಿದಾಗ ಅದು ಎಷ್ಟು ಚೆನ್ನಾಗಿ ಹೊಳೆದಿತ್ತೆಂದರೆ, ಹುಡುಗಿ ಓಡಿ ಬಂದು ತೊಳೆಯುವ ಕೋಣೆಯಲ್ಲಿ ಒದ್ದೆ ಕೈಯ ಅಕ್ಕನನ್ನೇ ತಬ್ಬಿಕೊಂಡಿದ್ದಳು. ನಾಲ್ಕು ತಿಂಗಳು ಆ ಒಂದು ಕೋಶದ ಸಂತಾನವನ್ನೇ ಸಾಕಿದಳು. ಈಗ ತಾಜಾ ರಕ್ತದ ಮೇಲೆ ಪರೀಕ್ಷಿಸುವ ಹೊತ್ತಿಗೆ ಬಿ-ಒಂಬತ್ತು ಮೂಕವಾಗಿತ್ತು. ಎರಡು ಗುರುವಾರವೂ ಕತ್ತಲು. ಈ ಮೂರನೆಯ ಗುರುವಾರ, ಅಕ್ಕ ಇದೇ ಕೊನೆ ಎಂದು ಕೊಟ್ಟುಹೋದ ರಕ್ತದ ಮೇಲೂ ಕತ್ತಲೇ.

ದೊಡ್ಡ ಮೇಡಂ ಕನ್ನಡಕ ಹಣೆಗೇರಿಸಿ ಹೊಳಪು ಅಳೆಯುವ ಯಂತ್ರದ ತೆರೆಯನ್ನು ನೋಡಿದರು. ಹೊಳೆದರೆ ಚುಕ್ಕೆಗಳ ರಾಶಿ ಬಲಕ್ಕೆ ಸರಿಯಬೇಕು. ರಾಶಿ ಎಡಗಡೆಯೇ ಕೂತಿತ್ತು.

"ಇಂಥ ಕೋಶಗಳು ಕೆಲವು ಸಲ ಪ್ರತಿಕಾಯ ಮಾಡೋದನ್ನೇ ಮರೆತುಬಿಡ್ತವೆ," ಎಂದರು ಮೆತ್ತಗೆ. "ನನ್ನವೂ ಎಷ್ಟೋ ಹೋಗಿವೆ. ಬೆಳಿಗ್ಗೆ ಎಲ್ಲಾ ಕೆಳಗೆ ಕಳಿಸಿಬಿಡು. ಹೊಸದಾಗಿ ಶುರು ಮಾಡೋಣ."

ರಕ್ತದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ, ಅಕ್ಕನ ರಕ್ತದ ಮೇಲೆ ನಾಲ್ಕು ವರ್ಷದಿಂದ ಉಳಿದೆಲ್ಲ ಪ್ರತಿಕಾಯಗಳೂ ಸರಿಯಾಗಿಯೇ ಕೆಲಸ ಮಾಡಿದ್ದವು.

ಸಂಜೆ ಮನೆಗೆ ಹೊರಟ ಅಕ್ಕನಿಗೆ ಒಣಗುವ ಕಪಾಟುಗಳ ಹಿಂದೆ ಯಾರೋ ಮೂಗು ಸೀಟುವ ಸದ್ದು ಕೇಳಿಸಿತು. ನೋಡಿದರೆ ಸಣ್ಣ ಮೇಡಂ ನೆಲದ ಮೇಲೆ ಕೂತು ಅಳುತ್ತಿದ್ದಳು.

"ಬಿ-ಒಂಬತ್ತು ಸತ್ತೋಯ್ತಾ?"

"ಬದುಕಿದೆ. ಕೆಲಸ ಮಾಡ್ತಿಲ್ಲ." ಹುಡುಗಿ ಕಣ್ಣೊರೆಸಿಕೊಂಡಳು. "ನಾಳೆ ನಿಮ್ಮತ್ರ ಬರುತ್ತೆ, ಬ್ಲೀಚ್ ಹಾಕೋಕೆ. ನೀವೂ ಬಿಟ್ಟು ಹೋಗ್ತಿದೀರ. ಯಾಕೆ ಅಂತಾನೂ ಹೇಳಲ್ಲ."

ಅಕ್ಕ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ತನ್ನ ಅಂಗೈಗಳನ್ನು ನೋಡಿಕೊಂಡಳು. ಹದಿನಾಲ್ಕು ವರ್ಷದ ಸೋಪು, ಬಿಸಿನೀರಿಗೆ ಬೆರಳ ತುದಿಗಳು ಬಿಳಿಚಿ ನುಣುಪಾಗಿದ್ದವು.

"ನಂಗೆ ನಾಲ್ಕು ತಿಂಗಳು," ಎಂದಳು.

ಹುಡುಗಿಯ ಅಳು ನಿಂತಿತು. "ನಾಲ್ಕು ತಿಂಗಳ ಗರ್ಭಿಣಿ ಹತ್ರ ನಾನು ರಕ್ತ ತಗೊಳ್ತಿದ್ದೆನಾ?"

"ಎರಡು ಚಮಚಕ್ಕೆ ನನ್ನ ಮಗು ಬಡವಾಗಲ್ಲ ಬಿಡು. ಮನೇಲಿ ಅತ್ತೆಗೂ ಹೇಳಿದ್ದು ಮೊನ್ನೆ ಅಷ್ಟೇ. ಮೂವತ್ತಾರನೇ ವಯಸ್ಸಲ್ಲಿ ಅಂತ ನಾಚಿಕೆ." ಆಮೇಲೆ ದನಿ ತಗ್ಗಿಸಿದಳು. "ಮೊದಲನೇದು ಹುಟ್ಟಿದಾಗ ಹೀಗೇ ಇಲ್ಲಿ ಕೆಲಸ ಮಾಡ್ತಿದ್ದೆ. ಹೆರಿಗೆ ಹಿಂದಿನ ದಿನದವರೆಗೂ ಬಾಟ್ಲಿ ತೊಳೆದಿದೀನಿ. ಎಂಟನೇ ದಿನ ಮಗು ಮೈಯೆಲ್ಲಾ ಕುರು. ಹೊಕ್ಕಳು ಕೀವಾಯ್ತು. ಜ್ವರ ಬಂದ್ರೆ ಇಳೀತಾನೇ ಇರ್ಲಿಲ್ಲ. ಆರು ವಾರ ಆಸ್ಪತ್ರೇಲಿದ್ವಿ. ಉಳೀತು, ಈಗ ಹನ್ನೊಂದು ವರ್ಷದ ಕುದುರೆ ಆಗಿದಾಳೆ. ಆದ್ರೆ ಅದು ಎಲ್ಲಿಂದ ಬಂತು ಅಂತ ನಂಗೊತ್ತಿಲ್ವಾ? ಈ ಕೈಯಿಂದ. ನಿಮ್ಮ ಇಲಿ, ರಕ್ತ, ಕ್ರಿಮಿ ಎಲ್ಲಾ ಮುಟ್ಟಿದ ಕೈ."

"ಬೇಯಿಸಿದ ಮೇಲೆ ಅದರಲ್ಲಿ ಏನೂ ಉಳಿಯಲ್ಲ ಅಕ್ಕಾ. ಒಂದು ಕ್ರಿಮಿಯೂ ಇರಲ್ಲ."

"ನಿನ್ನ ಪುಸ್ತಕದಲ್ಲಿ ಇರಲ್ಲ. ನಾನು ತಾಯಿ ಕಣಮ್ಮ. ಇನ್ನೊಂದು ಸಲ ಅದನ್ನ ನೋಡೋ ಶಕ್ತಿ ನಂಗಿಲ್ಲ." ಅವಳು ಎದ್ದು ಹುಡುಗಿಯನ್ನೂ ಕೈಹಿಡಿದು ಎಬ್ಬಿಸಿದಳು. "ನಿನ್ನ ಬಾಟ್ಲಿ ನಾಳೆ ಮಧ್ಯಾಹ್ನದವರೆಗೂ ಹಾಗೇ ಇಟ್ಟಿರ್ತೀನಿ. ಇನ್ನೊಂದು ಸಲ ನೋಡು ಬೇಕಾದ್ರೆ. ನನ್ನ ರಕ್ತ ಮಾತ್ರ ಇಲ್ಲ."

ಶುಕ್ರವಾರ ಬೆಳಿಗ್ಗೆ ಸಣ್ಣ ಮೇಡಂ ಮಹಡಿಯನ್ನೆಲ್ಲ ಸುತ್ತಿ ಬಂದಳು. ಒಬ್ಬನಿಗೆ ಶೀತ, ಒಬ್ಬಳಿಗೆ ತಿಂಡಿಯಾಗಿಲ್ಲ, ಇನ್ನೊಬ್ಬ ಮಾತೇ ಆಡದೆ ಶೀತಲ ಕೋಣೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡ. ಕೊನೆಗೆ ಅವಳು ರಬ್ಬರ್ ಪಟ್ಟಿ, ಸೂಜಿ, ಕೊಳವೆ ಹಿಡಿದು ದೊಡ್ಡ ಮೇಡಂ ಬಾಗಿಲಲ್ಲಿ ನಿಂತಳು.

"ನನ್ನ ರಕ್ತ ತೆಗೀತೀರಾ ಮೇಡಂ? ಬಿದ್ರೆ ಹಿಡ್ಕೋಬೇಕು."

ದೊಡ್ಡ ಮೇಡಂ ಅವಳನ್ನು ಗೋಡೆಗೊರಗಿಸಿ ನೆಲದ ಮೇಲೇ ಕೂರಿಸಿದರು. "ಇಲ್ಲಿಂದ ಕೆಳಗೆ ಬೀಳೋಕೆ ಜಾಗ ಇಲ್ಲ. ಕಣ್ಣು ಮುಚ್ಚು. ಏನಾದ್ರೂ ಹೇಳ್ತಾ ಇರು."

ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿ ಸತ್ತುಹೋದ ಗುಳಿಗಳ ಹೆಸರುಗಳನ್ನು ಹೇಳತೊಡಗಿದಳು. "ಎ ಎರಡು, ಎ ಏಳು, ಸಿ ಹನ್ನೊಂದು..." ಡಿ ಸಾಲಿಗೆ ಬರುವಷ್ಟರಲ್ಲಿ ಕೊಳವೆ ತುಂಬಿತ್ತು.

ಹನ್ನೊಂದೂವರೆಗೆ ಯಂತ್ರದ ತೆರೆಯ ಮೇಲೆ ಚುಕ್ಕೆಗಳು ಬೀಳತೊಡಗಿದವು. ಎಲ್ಲವೂ ಬಲಕ್ಕೆ. ಎಡಗಡೆ ಖಾಲಿಯಿತ್ತು. ದೊಡ್ಡ ಮೇಡಂ ತಮ್ಮ ತೋಳನ್ನೂ ಚಾಚಿದರು. ಅವರ ಕಣಗಳೂ ಬಲಕ್ಕೇ ಸರಿದವು. ನಿನ್ನೆ ಉಳಿಸಿ ಶೀತದಲ್ಲಿಟ್ಟಿದ್ದ ಅಕ್ಕನ ಕಣಗಳನ್ನು ಮತ್ತೊಮ್ಮೆ ಹಾಕಿದರು. ಎಡಕ್ಕೆ.

"ಬಿ-ಒಂಬತ್ತು ಏನೂ ಮರೆತಿಲ್ಲ," ಎಂದರು ದೊಡ್ಡ ಮೇಡಂ. "ಅದು ಹುಡುಕೋ ಅಣು ಅಕ್ಕನ ಕಣಗಳ ಮೇಲೆ ಇಲ್ಲವೇ ಇಲ್ಲ. ಇಂಥೋರ ಬಗ್ಗೆ ಓದಿದ್ದೆ. ಸಾವಿರಕ್ಕೆ ಒಬ್ಬರೋ ಏನೋ. ಅದಿಲ್ಲದೇ ಇದ್ರೂ ಆರೋಗ್ಯಕ್ಕೇನೂ ಆಗಲ್ಲ, ಜೀವನ ಪೂರ್ತಿ ಗೊತ್ತೇ ಆಗಲ್ಲ." ಅವರು ತೆರೆಯಿಂದ ಅವಳ ಕಡೆ ತಿರುಗಿದರು. "ಹೆಂಗಸರಾದ್ರೆ ಮಾತ್ರ ಒಂದು ತೊಂದರೆ. ಹೊಟ್ಟೇಲಿರೋ ಮಗುವಿಗೆ ತಂದೆಯಿಂದ ಆ ಅಣು ಬಂದಿರುತ್ತೆ. ತಾಯಿಯ ರಕ್ತ ಅದನ್ನ ಪರಕೀಯ ಅಂದ್ಕೊಂಡು ಪ್ರತಿಕಾಯ ಮಾಡುತ್ತೆ. ಅವು ಮಗುವಿನ ಮೈಗೆ ಹೋಗಿ ಬಿಳಿ ಕಣಗಳನ್ನ ನಾಶ ಮಾಡ್ತವೆ. ಹುಟ್ಟಿದ ಮಗು ಕೆಲವು ವಾರ ಯಾವ ಸೋಂಕನ್ನೂ ತಡ್ಕೊಳ್ಳಲ್ಲ. ಅಕ್ಕನಿಗೆ ಮಕ್ಕಳಿದಾರಲ್ವಾ?"

ಸಣ್ಣ ಮೇಡಂ ಕುರ್ಚಿಯಿಂದ ಎದ್ದು ನಿಂತಿದ್ದಳು. ಅವಳು ಹಿಂದಿನ ಸಂಜೆ ಕೇಳಿದ್ದನ್ನು ಕುರು, ಹೊಕ್ಕಳು, ಆರು ವಾರ ಎಂದು ತುಂಡುತುಂಡಾಗಿ ಹೇಳಿದಳು. ಕೊನೆಗೆ, "ಈಗ ಮತ್ತೆ ನಾಲ್ಕು ತಿಂಗಳು ಮೇಡಂ," ಎಂದಳು.

ಹದಿನಾಲ್ಕು ವರ್ಷದಲ್ಲಿ ದೊಡ್ಡ ಮೇಡಂ ತೊಳೆಯುವ ಕೋಣೆಗೆ ಬಂದದ್ದು ಅದೇ ಮೊದಲು. ಅಕ್ಕ ಗಾಬರಿಯಾಗಿ ಕುರ್ಚಿ ಹುಡುಕಿದಳು. ಅಲ್ಲಿ ಕುರ್ಚಿಯೇ ಇರಲಿಲ್ಲ. ಅವರು ಬಾಟಲಿ ಸಾಗಿಸುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತರು. ಮಹಡಿಯಲ್ಲಿ ಸಣ್ಣ ಮೇಡಂಗೆ ಹೇಳಿದ್ದನ್ನೇ ಇನ್ನೂ ನಿಧಾನವಾಗಿ, ಎರಡು ಸಲ ಹೇಳಿದರು.

"ಅಂದ್ರೆ ನನ್ನ ರಕ್ತಾನೇ ಮಗೂಗೆ ಹಾಗೆ ಮಾಡ್ತಾ?"

"ಮಾಡ್ತು. ನೀವು ಮಾಡಲಿಲ್ಲ. ನೀವು ರಾಜನ ಅರಮನೇಲಿ ಕೂತು ಹೆತ್ತಿದ್ರೂ ಹಾಗೇ ಆಗ್ತಿತ್ತು. ಈ ಕೋಣೆಗೂ ಅದಕ್ಕೂ ಸಂಬಂಧವಿಲ್ಲ. ಮೊದಲು ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ, ನೀವು ಒಪ್ಪಿದ್ರೆ."

"ಹಾಗಾದ್ರೆ ಈ ಮಗೂಗೂ..."

"ಬರಬಹುದು. ಬಹುಶಃ ಬರುತ್ತೆ. ಆದ್ರೆ ಆಗ ಡಾಕ್ಟರಿಗೆ ಏನು ಅಂತಾನೇ ಗೊತ್ತಿರಲಿಲ್ಲ. ಈಗ ಹುಟ್ಟೋಕೆ ಐದು ತಿಂಗಳು ಮುಂಚೇನೇ ನಮಗೆ ಗೊತ್ತು. ಮೊದಲ ದಿನದಿಂದ್ಲೇ ಔಷಧಿ ಕೊಡ್ತಾರೆ, ದಿನಾ ರಕ್ತ ನೋಡ್ತಾರೆ. ತಾಯಿಯ ಪ್ರತಿಕಾಯ ಕರಗಿದ ಮೇಲೆ ಮಗು ತನ್ನಷ್ಟಕ್ಕೆ ಸರಿಹೋಗುತ್ತೆ, ನಿಮ್ಮ ಮಗಳು ಸರಿಹೋದ ಹಾಗೆ. ಕೆಲಸ ಬಿಡೋದು ನಿಮ್ಮಿಷ್ಟ. ಈ ಕಾರಣಕ್ಕೆ ಮಾತ್ರ ಬಿಡಬೇಡಿ."

ಅಕ್ಕ ಏಪ್ರನ್ ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದಳು. ರಾಜೀನಾಮೆ ಪತ್ರ. ಮಗಳ ಕೈಯಲ್ಲಿ ಬರೆಸಿದ್ದು, ಅಕ್ಷರಗಳು ದುಂಡಗಿದ್ದವು. ಅದನ್ನು ಕೊಡಲೂ ಇಲ್ಲ, ಹರಿಯಲೂ ಇಲ್ಲ. ಒಮ್ಮೆ ಬಿಡಿಸಿ ನೋಡಿ ಮತ್ತೆ ಜೇಬಿಗೆ ಹಾಕಿಕೊಂಡು, "ಮೇಲಿಂದ ಇವತ್ತಿನ ತಟ್ಟೆ ಇನ್ನೂ ಬಂದಿಲ್ಲ," ಎಂದಳು.

ಮುಂದಿನ ವಾರ ಗಂಡನೂ ಮಗಳೂ ರಕ್ತ ಕೊಡಲು ಬಂದರು. ಗಂಡನಿಗೆ ಬಸ್ ಡಿಪೋದಲ್ಲಿ ಕೆಲಸ. ಎಂಜಿನ್ ಎಣ್ಣೆಯ ಕಲೆಯಿದ್ದ ತೋಳನ್ನು ಅವನು ಮೂರು ಸಲ ಒರೆಸಿಕೊಂಡ. ಅವನ ಕಣಗಳು ಪೂರ್ತಿ ಬಲಕ್ಕೆ ಬಿದ್ದವು. ಮಗಳವು ಅವನಷ್ಟು ಹೊಳೆಯಲಿಲ್ಲ, ಸುಮಾರು ಅರ್ಧ. ಅಪ್ಪನಿಂದ ಬಂದಷ್ಟೇ, ಅಮ್ಮನಿಂದ ಬರಲು ಏನೂ ಇರಲಿಲ್ಲ. ಕೊನೆಗೆ ಸಣ್ಣ ಮೇಡಂ ಅಕ್ಕನ ರಕ್ತದ ಕಣಗಳು ತಳಕ್ಕಿಳಿದ ಮೇಲೆ ಉಳಿದ ತಿಳಿಯನ್ನು ಗಂಡನ ಕಣಗಳ ಮೇಲೆ ಹಾಕಿ ನೋಡಿದಳು. ಹನ್ನೊಂದು ವರ್ಷ ಕಳೆದರೂ ಅಕ್ಕನ ಮೈಯಲ್ಲಿ ಆ ಪ್ರತಿಕಾಯ ಉಳಿದಿತ್ತು. ತಾನು ವರ್ಷಗಟ್ಟಲೆ ಒದ್ದಾಡಿ ಇಲಿಯಿಂದ ಮಾಡಿಸಿದ್ದನ್ನು ಅವಳ ಮೈ ತಾನಾಗಿಯೇ ಮಾಡಿಟ್ಟುಕೊಂಡಿತ್ತು.

"ಇವಳ ರಕ್ತಕ್ಕೆ ನನ್ನ ರಕ್ತ ಕಂಡ್ರಾಗಲ್ಲ ಅಂತ ನಂಗೆ ಯಾವತ್ತೋ ಗೊತ್ತಿತ್ತು," ಎಂದ ಗಂಡ. "ನೀವು ಇಷ್ಟು ದೊಡ್ಡ ಯಂತ್ರ ಇಟ್ಕೊಂಡು ಕಂಡುಹಿಡಿದ್ರಿ."

ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು. ಬಿ-ಒಂಬತ್ತು ಹುಡುಕಿದ್ದು ಹೊಸ ಅಣುವೇನಲ್ಲ. ಪುಸ್ತಕಗಳಲ್ಲಿ ಆಗಲೇ ಇದ್ದದ್ದು. ಸಣ್ಣ ಮೇಡಂಗೆ ಅದರಿಂದ ಆದ ನಿರಾಸೆ ಒಂದು ಮಧ್ಯಾಹ್ನವಷ್ಟೇ ಉಳಿಯಿತು.

ವರದಿ ಬಂದ ದಿನ ಅಕ್ಕ ಮನೆಗೆ ಬಂದಾಗ ಅತ್ತೆ ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದರು. ಇಬ್ಬರದೂ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದ ಮಾತು, ಅದರಲ್ಲಿ ಅರ್ಧ ಜಗಳ, ಅದರಲ್ಲೂ ಅರ್ಧ ತಮಾಷೆ. ಆದರೆ ಆಸ್ಪತ್ರೆಯ ಆ ಆರು ವಾರಗಳ ಬಗ್ಗೆ ಮಾತ್ರ ಹನ್ನೊಂದು ವರ್ಷದಲ್ಲಿ ಒಂದು ಮಾತೂ ಬಂದಿರಲಿಲ್ಲ. ಆಗ ಅತ್ತೆ ವಾರ್ಡಿನ ಗಾಜಿನ ಬಾಗಿಲ ಹೊರಗೇ ನಿಲ್ಲುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಒಂದು ವರ್ಷ ಮಗುವನ್ನು ಎತ್ತಿಕೊಳ್ಳಲಿಲ್ಲ. "ನೀನೇ ಎತ್ಕೋ," ಎಂದು ದೂರ ಸರಿಯುತ್ತಿದ್ದರು. ಮೊಮ್ಮಗಳಿಗೆ ಈ ಗತಿ ತಂದವಳೆಂದು ತನ್ನ ಮೇಲೆ ಸಿಟ್ಟು ಎಂದು ಅಕ್ಕ ತಿಳಿದಿದ್ದಳು. ಸಿಟ್ಟು ನ್ಯಾಯವಾದದ್ದೇ ಎಂದೂ ಒಪ್ಪಿಕೊಂಡಿದ್ದಳು.

ಈಗ ಅವಳು ಮಂಚದ ಇನ್ನೊಂದು ತುದಿಯಲ್ಲಿ ಕೂತು, ಬಟ್ಟೆ ಮಡಚುತ್ತ, ಎಲ್ಲವನ್ನೂ ಹೇಳಿದಳು. ಅಣು, ಪ್ರತಿಕಾಯ, ಯಂತ್ರ, ಅರ್ಧ ಹೊಳಪು. "ನನ್ನ ಕೈಯಿಂದ ಬಂದಿದ್ದಲ್ವಂತೆ ಅತ್ತೆ. ರಕ್ತದಲ್ಲೇ ಇತ್ತಂತೆ."

ಅತ್ತೆಯ ಕೈಯಲ್ಲಿದ್ದ ಟವೆಲು ಅರ್ಧ ಮಡಚಿದಂತೆಯೇ ನಿಂತಿತು.

"ಹಾಗಾದ್ರೆ ನೆಗಡಿಯಿಂದ ಅಲ್ವಾ?"

"ಯಾವ ನೆಗಡಿ?"

ಅತ್ತೆ ಕಿಟಕಿಯ ಕಡೆ ನೋಡಿದರು. "ಅವಳು ಹುಟ್ಟಿದ ದಿನ ನಂಗೆ ನೆಗಡಿಯಿತ್ತು. ಮೂಗು ಸುರೀತಿತ್ತು. ನರ್ಸು ಮುಟ್ಬೇಡಿ ಅಂದಿದ್ಲು. ನೀನು ಮಲಗಿದ್ದೆ. ಯಾರೂ ಇಲ್ದಾಗ ಎತ್ಕೊಂಡು ಮುತ್ತು ಕೊಟ್ಟೆ. ಒಂದಲ್ಲ, ನಾಲ್ಕೈದು. ಎಂಟು ದಿನಕ್ಕೆ ಹಾಗಾಯ್ತು." ಟವೆಲನ್ನು ಮಡಿಲಿಗೆಳೆದುಕೊಂಡು, "ಯಾವ ಬಾಯಲ್ಲಿ ಹೇಳ್ಲಿ? ಅದಕ್ಕೇ ಆಮೇಲೆ ಹತ್ರ ಹೋಗ್ಲಿಲ್ಲ. ನಿಂಗೆ ಗೊತ್ತಾಗಿದೆ, ಒಳ್ಳೇತನಕ್ಕೆ ಸುಮ್ನಿದೀಯ ಅಂದ್ಕೊಂಡಿದ್ದೆ."

ನಗು ಬಂತೋ ಅಳು ಬಂತೋ ತಿಳಿಯದೆ ಅಕ್ಕ ಕೈಯಲ್ಲಿದ್ದ ಲಂಗದಿಂದ ಮುಖ ಮುಚ್ಚಿಕೊಂಡಳು. ಅತ್ತೆ ಮಂಚದ ಮೇಲೆ ಬಟ್ಟೆಯ ರಾಶಿಯನ್ನು ಸರಿಸುತ್ತ ಸರಿಸುತ್ತ ಹತ್ತಿರ ಬಂದು, ಅವಳ ಬೆನ್ನ ಮೇಲೆ ಕೈಯಿಟ್ಟರು.

"ಇಬ್ರೂ ದಡ್ಡಿಯರೇ ಕಣೇ," ಎಂದರು. "ಒಂದು ಮಾತು ಕೇಳಿದ್ರೆ ಆಗ್ತಿತ್ತು."

ಆಟದಿಂದ ಬಂದ ಮಗಳು ಬಾಗಿಲಲ್ಲಿ ನಿಂತು, ಅಜ್ಜಿ ಅಮ್ಮ ಇಬ್ಬರೂ ಯಾಕೆ ಒಂದೇ ಲಂಗದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ ಎಂದು ಕೇಳಿದಳು. ಅದು ಅವಳ ಶಾಲೆಯ ಲಂಗ.

ಗಂಡು ಮಗು ಹುಟ್ಟಿತು. ದೊಡ್ಡ ಮೇಡಂ ಬರೆದುಕೊಟ್ಟ ಮೂರು ಪುಟದ ಪತ್ರವನ್ನು ಆಸ್ಪತ್ರೆಯ ಮಕ್ಕಳ ಡಾಕ್ಟರು ಮೊದಲೇ ಓದಿಕೊಂಡು ಸಿದ್ಧರಾಗಿದ್ದರು. ಎರಡನೆಯ ದಿನದ ಎಣಿಕೆಯಲ್ಲಿ ಸೋಂಕಿನ ಜೊತೆ ಹೋರಾಡುವ ಬಿಳಿ ಕಣಗಳು ಹುಡುಕಿದರೂ ಸಿಗದಷ್ಟು ಕಡಿಮೆಯಿದ್ದವು. ಔಷಧಿ ಹುಟ್ಟಿದ ದಿನದಿಂದಲೇ ನಡೆಯುತ್ತಿತ್ತು. ಐದನೆಯ ದಿನ ಜ್ವರ ಬಂತು. ಅಕ್ಕ ಆ ದಿನವೆಲ್ಲ ನೀರು ಕೂಡ ಕುಡಿಯಲಿಲ್ಲ. ಆರನೆಯ ದಿನ ಜ್ವರ ಬಿಟ್ಟಿತು, ಮತ್ತೆ ಬರಲಿಲ್ಲ. ಮೂರನೆಯ ವಾರ ಎಣಿಕೆ ಏರತೊಡಗಿತು, ಮೊದಲು ಸ್ವಲ್ಪ, ಆಮೇಲೆ ದಿನದಿನಕ್ಕೆ.

ಅಂಥ ಒಂದು ಬೆಳಿಗ್ಗೆ ಸಣ್ಣ ಮೇಡಂ ಮಗುವನ್ನು ನೋಡಲು ಬಂದಳು. ಅಕ್ಕ ಗೋಡೆಯ ಕಡೆ ತಿರುಗಿ ಗಾಢವಾಗಿ ಮಲಗಿದ್ದಳು. ಮೂಗುಬಾಯಿಗೆ ಮುಸುಕು ಕಟ್ಟಿಕೊಂಡ ಅತ್ತೆ ಮಗುವನ್ನು ಎದೆಗೊರಗಿಸಿಕೊಂಡು, ವಾರ್ಡಿನ ಕೊನೆಯ ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದರು. ಹುಡುಗಿ ಬಾಗಿಲಲ್ಲೇ ತಡೆದಳು.

"ಅಗೋ, ಅದು ಬಸ್ಸು," ಎಂದು ಅತ್ತೆ ಮಗುವಿಗೆ ಹೇಳುತ್ತಿದ್ದರು. "ನಿಮ್ಮಪ್ಪ ರಿಪೇರಿ ಮಾಡಿದ್ದು, ಅದಕ್ಕೇ ಅಷ್ಟು ಹೊಗೆ. ಅಲ್ಲಿ ನೋಡು, ಏಣಿ ಮೇಲೆ ಒಬ್ಬ ಗೋಡೆಗೆ ಬಣ್ಣ ಬಳೀತಿದಾನೆ. ಹಸಿರು. ಏನು ಬಣ್ಣವೋ ಏನೋ, ನಂಗಂತೂ ಇಷ್ಟವಾಗ್ಲಿಲ್ಲ. ನಿಂಗೆ?"

ಮಗು ನಿದ್ದೆಯಲ್ಲಿತ್ತು. ಅತ್ತೆ ಅದನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಅದರ ಮುಖ ಬೀದಿಯ ಕಡೆಗಿರುವಂತೆ ತಿರುಗಿ ನಿಂತರು. ಕೆಳಗೆ ಬಣ್ಣ ಬಳಿಯುವವನು ಏಣಿಯಿಂದಿಳಿದು, ಏಣಿಯನ್ನು ಒಂದು ಮಾರು ಆಚೆಗಿಟ್ಟು, ಮತ್ತೆ ಹತ್ತಿದ.